ಮೆಟ್ಟಿಲಿಳಿದ ಕಾಫಿ

“ಈ ಸಲ ತೈಸ್ತೊನನ್ನ ಚಿತ್ರದಲ್ಲೇ ಚಿತ್ ಮಾಡದಿದ್ರೆ ನನ್ನ ಹೆಸರು ಎನ್ಸಿಯೊನೇ ಅಲ್ಲ!”

ಹೀಗೆಂದು ಘೋಷಿಸಿದ ಎನ್ಸಿಯೊ ಅಡುಗೆಮನೆಯ ಮೇಜಿಗೆ ಗುದ್ದಿದ. ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ಹೆಂಡತಿ ಓರ್ವೊಕ್ಕಿ ತಲೆ ಎತ್ತಲಿಲ್ಲ. ತಾಂಪೆರೆ ಪಟ್ಟಣದ ಆ ಮೂರನೇ ಮಹಡಿಯ ಮನೆಯಲ್ಲಿ ಗಂಡನ ಶಪಥಗಳನ್ನೂ ಕಿಟಕಿಯಾಚೆ ಬೀಳುವ ಹಿಮವನ್ನೂ ಅವಳು ಬೇಕಾದಷ್ಟು ಕಂಡಿದ್ದಳು. ಎರಡೂ ಕೊನೆಗೆ ಕೆಸರಾಗುತ್ತವೆ, ಎರಡನ್ನೂ ಬಳಿಯುವವಳು ತಾನೇ ಎಂಬುದೂ ಗೊತ್ತಿತ್ತು.

ತೈಸ್ತೊ ಎನ್ಸಿಯೊನ ಜೀವದ ಗೆಳೆಯ. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಉತ್ತರದ ಕೆಮಿ ಎಂಬ ಊರಿಗೆ ಹೋದವನು ಇರ್ಯಾ ಎಂಬವಳನ್ನು ಮದುವೆಯಾಗಿ ಅಲ್ಲೇ ಬೇರೂರಿದ್ದ. ಅವನು ಊರು ಬಿಡುವಾಗ ಎನ್ಸಿಯೊ ಒಂದು ಕಾನೂನು ಜಾರಿ ಮಾಡಿದ್ದ. ಇನ್ನು ಮುಂದೆ ನಮ್ಮಿಬ್ಬರ ನಡುವೆ ಫೋನಿಲ್ಲ, ಪತ್ರವಿಲ್ಲ. ಒಬ್ಬ ಒಂದು ಕಿರುಚಿತ್ರ ಮಾಡಿ ಕಳಿಸಬೇಕು. ಇನ್ನೊಬ್ಬ ಚಿತ್ರದಲ್ಲೇ ಜವಾಬು ಕೊಡಬೇಕು. ವಿವರಣೆ ಕೇಳುವ ಹಾಗಿಲ್ಲ, ಕೊಡುವ ಹಾಗಿಲ್ಲ. ಮಾತು ಸೋಮಾರಿಗಳ ಕಸುಬು!

ತೈಸ್ತೊಗಾದರೋ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮದುವೆಯ ದಿನ ಪಾದ್ರಿ ಎರಡೆರಡು ಸಲ ಕೇಳಿದ ಮೇಲೆ “ಹೂಂ” ಎಂದಿದ್ದ ಮಹಾನುಭಾವ ಅವನು. ಹೀಗೆ ವರ್ಷಾನುಗಟ್ಟಲೆ ನಡೆಯಿತು. ಅವನು ಹೆಪ್ಪುಗಟ್ಟಿದ ಸಮುದ್ರದ ಮೇಲೆ ಒಂಟಿ ಬೂಟು ತೋರಿಸಿದರೆ, ಇವನು ಸೌನಾ ಎಂಬ ಹಬೆಕೋಣೆಯೊಳಗೆ ಬೆವರುವ ಗಡಿಯಾರ ತೋರಿಸಿದ. ಅವನು ಬಾಗಿಲ ಕೀಲಿನ ಸದ್ದು ಕಳಿಸಿದರೆ, ಇವನು ತನ್ನ ಮೊಣಕಾಲಿನ ಸದ್ದು ಕಳಿಸಿದ. ನೋಡುವವರು ಲೋಕದಲ್ಲಿ ಅವರಿಬ್ಬರು, ಬದಿಯಲ್ಲಿ ಓರ್ವೊಕ್ಕಿ. ಹೊಗಳುವವನು ಒಬ್ಬನೇ, ಅದು ಎನ್ಸಿಯೊ. ಅದೂ ಹೆಚ್ಚಾಗಿ ತನ್ನ ಚಿತ್ರವನ್ನೇ.

ಆ ಚಳಿಗಾಲದಲ್ಲಿ ಬಂದ ಚಿತ್ರ ಹೀಗಿತ್ತು. ತೈಸ್ತೊನ ಅಡುಗೆಮನೆಯ ಮೇಜು. ಅವನ ಕೈ ಎರಡು ಬಟ್ಟಲುಗಳಿಗೆ ಕಾಫಿ ಸುರಿಯುತ್ತದೆ. ಒಂದು ಬಟ್ಟಲು ಖಾಲಿಯಾಗುತ್ತದೆ. ಇನ್ನೊಂದು ಹಾಗೇ ಇರುತ್ತದೆ. ಹಬೆ ತೆಳುವಾಗಿ, ತೆಳುವಾಗಿ, ನಿಂತೇಹೋಗುತ್ತದೆ. ಕೊನೆಗೆ ಅದೇ ಕೈ ಆ ಕಾಫಿಯನ್ನು ಸಿಂಕಿಗೆ ಚೆಲ್ಲುತ್ತದೆ. ಮುಗಿಯಿತು.

“ಅದ್ಭುತ!” ಎಂದ ಎನ್ಸಿಯೊ. “ಬಂಡವಾಳಶಾಹಿಯ ಮುಖಕ್ಕೆ ಹೊಡೆದಿದಾನೆ! ಪೋಲು ಮಾಡೋ ಸಮಾಜ, ಗೊತ್ತಾಯ್ತಾ?”

ಓರ್ವೊಕ್ಕಿ ಬೆಣ್ಣೆಯ ಚಾಕು ಕೆಳಗಿಟ್ಟಳು. “ತೈಸ್ತೊ ಕಾಫಿ ಚೆಲ್ಲೋ ಜನ ಅಲ್ಲ ಎನ್ಸಿಯೊ. ತಣ್ಣಗಾಗಿದ್ರೂ ಕುಡಿಯೋನು.”

“ಅದಕ್ಕೇ ಅದು ಸಂಕೇತ!”

“ಆ ಇನ್ನೊಂದು ಬಟ್ಟಲು ಯಾರದು?”

“ಯಾರದಾದ್ರೇನು? ಮನುಕುಲದ್ದು!”

“ಇರ್ಯಾ ಎಲ್ಲೂ ಕಾಣ್ಲಿಲ್ಲ” ಎಂದಳು ಓರ್ವೊಕ್ಕಿ. “ಪ್ರತಿಸಲ ಕ್ಯಾಮೆರಾಕ್ಕೆ ಅಡ್ಡ ಬಂದು ಬೈಸಿಕೊಳ್ತಿದ್ಲು.”

“ಈಗ ಕಲಿತಿದಾಳೆ, ಪುಣ್ಯಾತ್ಗಿತ್ತಿ! ನಾನು ಕಾಫಿಗೆ ಕಾಫಿಯಲ್ಲೇ ಜವಾಬು ಕೊಡ್ತೀನಿ.”

“ಅದಕ್ಕೆ ಕಾಪಿ ಹೊಡೆಯೋದು ಅಂತಾರೆ” ಎಂದು ಅವಳು ಎದ್ದು ಹೋದಳು.

ಭಾನುವಾರ ಓರ್ವೊಕ್ಕಿ ಚರ್ಚಿನ ಹಾಡುಗಾರಿಕೆಯ ಅಭ್ಯಾಸಕ್ಕೆ ಹೊರಟದ್ದೇ ತಡ, ಎನ್ಸಿಯೊ ರಣರಂಗಕ್ಕಿಳಿದ. ಅವನ ಕಲ್ಪನೆ ಸಾಮಾನ್ಯದ್ದಲ್ಲ. ತೈಸ್ತೊ ಒಂದು ಬಟ್ಟಲು ಚೆಲ್ಲಿದನೇ? ಇವನು ಒಂದು ನದಿಯನ್ನೇ ಹರಿಸುತ್ತಾನೆ! ಕಟ್ಟಡದ ಮೆಟ್ಟಿಲ ಮೇಲೆ ಮೇಲಿನಿಂದ ಕೆಳಗೆ ಕಪ್ಪು ಗಂಗೆ! ಹಬ್ಬಕ್ಕೆ ಹಂದಿಮಾಂಸ ಬೇಯಿಸುವ ದೊಡ್ಡ ಪಾತ್ರೆ ತುಂಬ ಕಾಫಿ ಕುದಿಸಿ, ಹೊತ್ತು ತಂದು, ಲಿಫ್ಟಿನ ಪಕ್ಕದ ಮೇಲಿನ ಮೆಟ್ಟಿಲ ಮೇಲಿಟ್ಟ. ಕೆಳಗೆ ಬಗ್ಗಿ ಕ್ಯಾಮೆರಾ ಶುರುಮಾಡಿದ. ಸಣ್ಣ ಧಾರೆಯಾಗಿ ಸುರಿಯಬೇಕೆಂದು ಒಂದು ಕೈಯಲ್ಲಿ ಪಾತ್ರೆಯನ್ನು ಓರೆ ಮಾಡಿದ.

ಬಿಸಿ ಹಿಡಿಕೆ ಕೈ ಸುಟ್ಟಿತು. ಪಾತ್ರೆ ಮಗುಚಿತು!

ಗಂಗೆಗೆ ದಾರಿ ತೋರಿಸುವ ಭಗೀರಥ ಇರಲಿಲ್ಲ. ಅರ್ಧ ಮೆಟ್ಟಿಲಿಳಿಯಿತು, ಉಳಿದರ್ಧ ಲಿಫ್ಟಿನ ಬಾಗಿಲ ಸಂದಿಗೆ ನುಗ್ಗಿತು. ಒಳಗೆಲ್ಲೋ ಚಟ್ ಎಂದಿತು. ದೀಪಗಳು ಆರಿದವು. ಎರಡು ಮಹಡಿಗಳ ನಡುವಿನಿಂದ ಒಂದು ಧ್ವನಿ ಎದ್ದಿತು. ಅದು ಮೊದಲ ಮಹಡಿಯ ಮುದುಕಿ ಹಿಲ್ಮಾಳದು. ತಂಗಿಯ ಹುಟ್ಟುಹಬ್ಬಕ್ಕೆ ಹೋಗುವ ಮುನ್ನ ಓರ್ವೊಕ್ಕಿಗೆ ತನ್ನ ಹೊಸ ಬಿಳಿ ಕೋಟು ತೋರಿಸಲು ಮೇಲೆ ಬರುತ್ತಿದ್ದಳು.

“ಯಾರಲ್ಲಿ? ನೆತ್ತಿ ಮೇಲೆ ಏನೋ ತೊಟ್ಟಿಕ್ತಿದೆ!”

“ಹೆದರ್ಬೇಡ ಹಿಲ್ಮಾ, ಬರೀ ಕಾಫಿ!”

“ಕಾಫಿನಾ? ಲಿಫ್ಟಿನೊಳಗಾ?”

“ಇದು ಕಲೆ ಹಿಲ್ಮಾ, ಕಲೆ!”

“ಕಲೆ ಅಂತ ನಂಗೂ ಗೊತ್ತಾಗ್ತಿದೆ ಕಣೋ! ಕೋಟಿನ ತುಂಬಾ ಆಗಿದೆ!”

ಎನ್ಸಿಯೊಗೆ ನಗು ತಡೆಯಲಾಗಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಕಪ್ಪು ಮೆಟ್ಟಿಲು, ಕತ್ತಲು, ಹಿಲ್ಮಾಳ ಶಾಪ, ಅದರ ಮೇಲೆ ತನ್ನ ಗಹಗಹ! ಇದಕ್ಕಿಂತ ಭರ್ಜರಿ ಜವಾಬು ಬೇಕೆ?

ರಿಪೇರಿಯವರು ಬಂದು ಹಿಲ್ಮಾಳನ್ನು ಇಳಿಸಿದಾಗ ಓರ್ವೊಕ್ಕಿಯೂ ಬಂದಿದ್ದಳು. ಗಂಡನ ಕಡೆ ನೋಡದೆ ಬಕೀಟು ತಂದು ಮೆಟ್ಟಿಲು ಒರೆಸತೊಡಗಿದಳು. ರಾತ್ರಿಯೂಟಕ್ಕೆ ಮುಂಚೆ ಅವನು ಚಿತ್ರ ತೋರಿಸಿದಾಗ ಮಾತ್ರ ಬಾಯಿಬಿಟ್ಟಳು.

“ಇದನ್ನ ಕಳಿಸ್ಬೇಡ.”

“ಯಾಕೆ? ಹೊಟ್ಟೆಕಿಚ್ಚಾ?”

“ಅವನ ಚಿತ್ರದಲ್ಲಿ ನಗು ಇರ್ಲಿಲ್ಲ ಎನ್ಸಿಯೊ.”

“ನಿಂಗೆ ಸಿನಿಮಾ ಅರ್ಥ ಆಗಲ್ಲ” ಎಂದ ಅವನು. ಅವಳು ಒರೆಸುವ ಬಟ್ಟೆ ಹಿಂಡಲು ಹೋದಾಗ ಕಳಿಸಿಯೇಬಿಟ್ಟ.

ಜವಾಬು ಬರಲಿಲ್ಲ. ಕೆಲವು ದಿನ ಎನ್ಸಿಯೊ ಗೆದ್ದ ಪೈಲ್ವಾನನಂತೆ ಮನೆ ತುಂಬ ಓಡಾಡಿದ. “ಮೇಲೇಳದ ಹಾಗೆ ಬಿದ್ದಿದಾನೆ!” ಎಂದ. ಸರೋವರದ ಮಂಜು ಗಟ್ಟಿಯಾಗಿ ಜನ ಅದರ ಮೇಲೆ ನಡೆದಾಡುವ ಹೊತ್ತಿಗೂ ಕೆಮಿಯಿಂದ ಸುದ್ದಿಯಿಲ್ಲ. ಗೆದ್ದವನ ನಡಿಗೆ ನಿಧಾನವಾಯಿತು.

“ಕಾನೂನು ನಿಂದು, ನಂದಲ್ಲ” ಎಂದು ಓರ್ವೊಕ್ಕಿ ಇರ್ಯಾಳ ಫೋನಿಗೆ ಕರೆ ಮಾಡಿದಳು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದವನು ತೈಸ್ತೊ.

“ಇರ್ಯಾಗೆ ಕೊಡು ತೈಸ್ತೊ.”

“ಇಲ್ಲ.”

“ಯಾವಾಗ ಬರ್ತಾಳೆ?”

ಅವನು, ಇಷ್ಟೂ ಗೊತ್ತಿಲ್ಲವೇ ಎಂಬಂತೆ, ಮೆಲ್ಲಗೆ ಹೇಳಿದ: “ಸಿನಿಮಾ ಕಳಿಸಿದ್ನಲ್ಲ.”

ಇರ್ಯಾ ಇನ್ನಿಲ್ಲವೆಂದು ಓರ್ವೊಕ್ಕಿಗೆ ಅರ್ಥವಾಯಿತು. “ನೀನು ಕಾಫಿ ಚೆಲ್ಲಿದಾಗ್ಲೇ ನನ್ನ ಕರುಳಿಗೆ ಚುಚ್ಚಿತ್ತು ತೈಸ್ತೊ. ಕೇಳೋಕೆ ಹೆದರಿದೆ” ಎಂದಳು. ಪಕ್ಕದಲ್ಲಿ ನಿಂತಿದ್ದ ಎನ್ಸಿಯೊನ ಕಿವಿಯಲ್ಲಿ ಅವನದೇ ಗಹಗಹ ಮೊಳಗುತ್ತಿತ್ತು.

ಮರುದಿನದ ರೈಲಿಗೆ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ಎನ್ಸಿಯೊ ಒಂದು ವಾಕ್ಯ ಜೋಡಿಸಲು ಹೆಣಗಿದ. ಬಾಗಿಲು ತೆರೆದ ತೈಸ್ತೊನ ಅಂಗಿ ಅವನ ಮೈಮೇಲೆ ಗೂಟಕ್ಕೆ ನೇತುಹಾಕಿದಂತಿತ್ತು. ಅವನು ಇಬ್ಬರನ್ನೂ ಒಳಗೆ ಕರೆದು ಕಾಫಿಗಿಟ್ಟ.

“ಆವತ್ತು ಬೆಳಗ್ಗೆ ಕಾಫಿ ಮುಂದೆ ಕೂತಿದ್ಲು” ಎಂದ, ಬೆನ್ನು ತಿರುಗಿಸಿಕೊಂಡೇ. “ಹಾಗೇ ವಾಲಿದ್ಲು. ಹೃದಯ ಅಂದ್ರು. ಈಗ ದಿನಾ ಹೀಗೇ. ಒಬ್ಬನಿಗೆ ಎಷ್ಟು ಪುಡಿ ಹಾಕ್ಬೇಕು ಅಂತ ನಂಗೆ ಗೊತ್ತಾಗಲ್ಲ.”

ಓರ್ವೊಕ್ಕಿ ಎದ್ದು ಹೋಗಿ ಅವನ ಕೈಯಿಂದ ಚಮಚ ತೆಗೆದುಕೊಂಡಳು.

“ತೈಸ್ತೊ...” ಎಂದ ಎನ್ಸಿಯೊ. ಮುಖ ಎತ್ತಲಾಗಲಿಲ್ಲ. “ನೀನು ಅಷ್ಟು ಕಷ್ಟದಲ್ಲಿ ಹೇಳ್ದೆ. ನಾನು ನಕ್ಕು ಕಳಿಸ್ದೆ. ನೋಡಿದ್ಯಾ ಅದನ್ನ?”

“ನೋಡ್ದೆ.”

“ಪೂರ್ತಿನಾ?”

“ಪೂರ್ತಿ. ಲಿಫ್ಟಿನ ಮುದುಕಿ ಚೆನ್ನಾಗಿ ಮಾಡಿದಾಳೆ.”

ಎನ್ಸಿಯೊ ನಗಲೂ ಆರದೆ ಅಳಲೂ ಆರದೆ ಒಂದು ವಿಚಿತ್ರ ಸದ್ದು ಮಾಡಿದ. ಆಮೇಲೆ ಅತ್ತೇಬಿಟ್ಟ. ತೈಸ್ತೊ ಅವನ ಹೆಗಲ ಮೇಲೆ ಕೈಯಿಟ್ಟು ಎದುರು ಕುಳಿತ. ಅತ್ತು ಮುಗಿಯುವವರೆಗೆ ಕಾದ. ಅವನಿಗೆ ಕಾಯುವುದು ಅಭ್ಯಾಸವಾಗಿತ್ತು.

“ಇನ್ನು ಮೇಲೆ ನನ್ನ ಸಿನಿಮಾಗಳನ್ನ ಓರ್ವೊಕ್ಕಿಗೆ ಕಳಿಸ್ತೀನಿ” ಎಂದ ಕೊನೆಗೆ.

ಎನ್ಸಿಯೊ ಮೂಗೊರೆಸಿಕೊಂಡ. “ಮತ್ತೆ ನಂಗೆ?”

“ನಿಂಗೆ ಫೋನ್ ಮಾಡ್ತೀನಿ” ಎಂದ ತೈಸ್ತೊ. “ನಿಂಗೆ ಬಾಯಿಬಿಟ್ಟೇ ಹೇಳ್ಬೇಕು.”