ಜೆರಿನ್ ಬೆಳೆಯಬಾರದ ದಿನ

ಹೋದ ತಿಂಗಳು ನೆಲ ಗುಡಿಸುತ್ತಿದ್ದ ಪ್ಯಾಂಟು ಇವತ್ತು ಬೆಳಿಗ್ಗೆ ಹೊಳೆ ದಾಟುವವನ ಲುಂಗಿಯ ಹಾಗೆ ಮೇಲೆ ನಿಂತಿತ್ತು. ಬೇರೆ ಮನೆಯಲ್ಲಾದರೆ ಮಗ ಬೆಳೆದ ಅಂತ ಪಾಯಸ ಮಾಡುತ್ತಿದ್ದರು. ಕಡಬದ ಜೆರಿನ್‌ಗೆ ಮಾತ್ರ ಜಗಲಿಯಲ್ಲಿ ಕೂತು ಅಳುವುದೊಂದು ಬಾಕಿ.

ಅವನು ಪುತ್ತೂರಿನ ಒಂದು ಫುಟ್ಬಾಲ್ ಅಕಾಡೆಮಿಯ ಹುಡುಗ. ಅಲ್ಲಿ ತಿಂಗಳಿಗೊಮ್ಮೆ ಎತ್ತರ ಅಳೆಯುತ್ತಾರೆ. ಸರ್ರನೆ ಬೆಳೆಯುವ ಮಕ್ಕಳ ಎಲುಬು ಎಳೆ ಬಿದಿರಿನ ಹಾಗೆ, ಜಾಸ್ತಿ ಓಡಿಸಿದರೆ ಮಂಡಿ ಕೆಡುತ್ತದೆ ಎಂದು ಕೋಚ್ ಶಾನವಾಝ್ ಹೇಳುವುದು. ಮಾತು ಕೇಳದೆ ಆಡಿದ ಜೊತೆಗಾರ ಹರ್ಷಿತ್ ಈಗ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಿದ್ದಾನೆ. ಹಾಗಾಗಿ ತಿಂಗಳಲ್ಲಿ ಒಂದು ಬೆರಳಗಲ ಬೆಳೆದವನಿಗೂ ಆಟ ಬಂದ್. ಇವತ್ತು ಸಂಜೆ ಅಳತೆ, ನಾಳೆ ಕಣ್ಣೂರಿನವರ ಜೊತೆ ಪಂದ್ಯ. ಜೆರಿನ್ ತಂಡಕ್ಕೆ ಸೇರಿದ್ದು ಇದೇ ಮೊದಲ ಸಲ.

"ಅಮ್ಮಚ್ಚೀ, ಬೆಳೆಯುದು ನಿಲ್ಲಿಸ್ಲಿಕ್ಕೆ ಎಂತಾದ್ರೂ ಉಂಟಾ?"

ಅಜ್ಜಿ ಏಲಿಯಮ್ಮ ಎದೆಗೆ ಕೈಯಿಟ್ಟರು. "ಮಲಗಿದ ಮಕ್ಕಳನ್ನು ದಾಟಿದ್ರೆ ಬೆಳೆಯುದಿಲ್ಲ ಅಂತ ಇಷ್ಟು ವರ್ಷ ನಿನ್ನನ್ನು ಒಂದು ಕೋಳಿ ಸಹ ದಾಟದ ಹಾಗೆ ಕಾದೆ ಮೋನೇ. ಈಗ ದಾಟ್ಬೇಕಾ?"

"ದಾಟಿ!"

ಜೆರಿನ್ ಜಗಲಿಗೆ ಅಡ್ಡ ಮಲಗಿದ. ಅಜ್ಜಿ ಸೀರೆ ಎತ್ತಿ, ಶಿಲುಬೆ ಗುರುತು ಹಾಕಿ, ಒಮ್ಮೆ ದಾಟಿದರು. ಅಷ್ಟರಲ್ಲಿ ಕರಿಬೇವಿಗೆ ಬಂದ ಪಕ್ಕದ ಮನೆಯ ಮೈಮೂನಮ್ಮ ವಿಷಯ ಕೇಳಿ, "ನಾನೂ ಒಂದು ದಾಟ್ತೇನೆ" ಎಂದು ಆಚೆ ಹೋದವರು ಅದೇ ಉಸಿರಿಗೆ ಈಚೆ ಬಂದರು.

"ಅಯ್ಯೋ, ತಿರುಗಿ ದಾಟಿದ್ರೆ ರದ್ದಾಗ್ತದೆ ಅಲ್ವಾ!" ಅಜ್ಜಿ ಕೂಗಿದರು.

"ಅಭ್ಯಾಸ ಮಾರಾಯ್ರೆ! ಸರಿ, ಪುನಃ ದಾಟ್ತೇನೆ." ದಾಟಿ ಆಚೆ ನಿಂತರು. "ಇನ್ನು ನಾನು ಮನೆಗೆ ಹೋಗುದು ಹೇಗೆ?"

ಪಾಪ, ಅಡುಗೆಮನೆಯ ಹಿಂಬಾಗಿಲಿನಿಂದ ದನದ ಹಟ್ಟಿ ಸುತ್ತಿ ಹೋದರು. ಕರಿಬೇವು ಮರೆತೇ ಹೋಯಿತು.

ಇದನ್ನೆಲ್ಲ ಬೇಲಿಯಾಚೆಯಿಂದ ನೋಡುತ್ತಿದ್ದ, ಊರಿಗೆಲ್ಲ ಅಣ್ಣನಾದ ರಬ್ಬರ್ ತೋಟದ ಸೆಬಾಸ್ಟ್ಯನ್ ಚೇಟ ನಕ್ಕರು. "ಮೂಢನಂಬಿಕೆ! ಎಲ್ಲದಕ್ಕೂ ಸೈನ್ಸ್ ಉಂಟು. ತಲೆಯಲ್ಲಿ ಭಾರ ಹೊತ್ತರೆ ಮನುಷ್ಯ ಮೇಲೆ ಹೋಗುದು ಹೇಗೆ? ಬಾ ಇಲ್ಲಿ."

ಮಧ್ಯಾಹ್ನದವರೆಗೆ ಜೆರಿನ್ ಅವರ ರಬ್ಬರ್ ಶೀಟುಗಳನ್ನು ತಲೆಯಲ್ಲಿ ಹೊತ್ತು ಜೀಪಿಗೆ ತುಂಬಿದ. ಚೇಟನ ಸೈನ್ಸ್ ಮುಗಿಯುವಾಗ ಸರಿಯಾಗಿ ಶೀಟುಗಳೂ ಮುಗಿದವು.

"ಅಳೆಯುವಾಗ ಕುತ್ತಿಗೆ ಒಳಗೆ ಎಳ್ಕೊ, ಆಮೆಯ ಹಾಗೆ," ಎಂದು ಬಸ್ ಹತ್ತಿಸುವಾಗ ಅಜ್ಜಿ ಕಿವಿಯಲ್ಲಿ ಹೇಳಿದರು.

ಸಂಜೆ ಕೋಚ್ ಅಳೆದರು. ಕಣ್ಣುಜ್ಜಿ ಇನ್ನೊಮ್ಮೆ ಅಳೆದರು.

"ಎಂತ ಮಾರಾಯ, ಹೋದ ತಿಂಗಳಿಗಿಂತ ಕಮ್ಮಿ ಉಂಟು!"

ಜೆರಿನ್‌ನ ಮನಸ್ಸು ಆಗಲೇ ಕಣ್ಣೂರಿನವರಿಗೆ ಗೋಲು ಹೊಡೆಯುತ್ತಿತ್ತು. ಕೋಚ್ ಮುಖ ಮಾತ್ರ ಬಾಡಿತು.

"ಮಕ್ಕಳು ಬೆಳೆಯುದುಂಟು, ನಿಲ್ಲುದುಂಟು. ಕುಗ್ಗುದು ಅಂದ್ರೆ ಬೆನ್ನುಮೂಳೆಗೆ ಪೆಟ್ಟಾಗಿದೆ! ಆಟ ಬಂದ್. ನಾಳೆ ಡಾಕ್ಟರ ಹತ್ರ ಹೋಗುವ."

"ಇಲ್ಲ ಸರ್! ಬೆನ್ನಿಗೆ ಎಂತದೂ ಆಗ್ಲಿಲ್ಲ!"

"ಹೌದಾ? ಹಾಗಾದ್ರೆ ನೆಟ್ಟಗೆ ನಿಂತು ತೋರಿಸು ನೋಡುವ."

ಜೆರಿನ್ ಉಸಿರೆಳೆದ. ಕುತ್ತಿಗೆ ಹೊರಗೆ ಬಂತು, ಎದೆ ಅರಳಿತು, ಹುಡುಗ ಧ್ವಜಸ್ತಂಭವಾದ.

"ಅಲ್ಹಮ್ದುಲಿಲ್ಲಾ! ಬೆನ್ನು ಸರಿ ಉಂಟು." ಕೋಚ್ ಖುಷಿಯಿಂದ ಅವನ ಬೆನ್ನು ತಟ್ಟಿದರು. ಆಮೇಲೆ ಗೋಡೆಯ ಅಳತೆ ಪಟ್ಟಿಯನ್ನು ನೋಡಿದರು.

"ಎರಡು ಬೆರಳು ಬೆಳೆದಿದ್ದೀ. ನಾಳೆ ನೀನು ನೀರಿನ ಬಾಟ್ಲಿ ಹಿಡ್ಕೊಂಡು ಹೊರಗೆ ನಿಲ್ಲು ಮಾರಾಯ. ನೀರು ಕೊಡ್ಲಿಕ್ಕೂ ನಡೆದೇ ಬರ್ಬೇಕು, ಓಡ್ಬಾರ್ದು."