ಮಡಿಯಲ್ಲಿ ಕೂತು ಉರ್ದೂ ಪಾಸಾದದ್ದು

ನಾನು ಮಾನ್ವಿಯಲ್ಲಿ ಮಾಸ್ತರನಾಗಿದ್ದ ನಿಜಾಮರ ಕಾಲದ ಮಾತು. ಉರ್ದೂ ಪರೀಕ್ಷೆ ಪಾಸಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಹುಕುಂ ಬಂತು. ಒಂದು ತಿಂಗಳು ಉಳಿದಿತ್ತು. ನಾನು ಓದಲು ಕೂತರೆ ಉರ್ದೂ ಏನು, ಅದರಪ್ಪನೂ ಬರಬೇಕು ಎಂಬ ಭರವಸೆ ನನಗೆ. ಕೂರುವುದೊಂದೇ ತೊಂದರೆ.

ನಮ್ಮ ಮನೆ ಇದ್ದದ್ದು ರಾಯಚೂರು ರಸ್ತೆಗೆ. ಬಸ್ಸಿನ ಹಾರ್ನು ಕೇಳಿದರೆ ಯಾರು ಇಳಿದರೆಂದು ನೋಡದೆ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಹತ್ತಿಯ ಬಂಡಿಗಳು ಹೊರಟರೆ ಕೊನೆಯ ಬಂಡಿ ದಾಟುವವರೆಗೂ ಕಟ್ಟೆ ಬಿಡುತ್ತಿರಲಿಲ್ಲ.

"ಪುಸ್ತಕ ತೊಡಿ ಮ್ಯಾಲದ, ಕಣ್ಣು ಬಸ್ಸಿನ ಮ್ಯಾಲವ," ಎಂದಳು ಹೆಂಡತಿ ರುಕ್ಮಿಣಿ. "ನೌಕರಿ ಹೋದ್ರ ಅದೇ ಬಸ್ಸು ಹತ್ತಿ ದೇವದುರ್ಗಕ್ಕ, ನಮ್ಮಪ್ಪನ ಮನಿಗೆ ಹೋಗೋಣೇನ್ರಿ?"

ಮಾವನ ಮನೆಯ ಹೆಸರು ಕೇಳಿದ್ದೇ ತಡ, ನನ್ನ ಬುದ್ಧಿ ಚುರುಕಾಯಿತು. ನಮ್ಮದು ವೈಷ್ಣವರ ಮನೆ. ಮಡಿ ಉಟ್ಟವರನ್ನು ಯಾರೂ ಮುಟ್ಟುವಂತಿಲ್ಲ, ಅವರು ಬೀದಿಗೆ ಇಳಿಯುವಂತಿಲ್ಲ. ಇಂಥ ಕೋಟೆಯನ್ನು ಮನೆಯಲ್ಲಿಟ್ಟುಕೊಂಡು ಏಕಾಂತ ಹುಡುಕುತ್ತಿದ್ದೆನಲ್ಲ! ಬೇಸಗೆಯ ರಜೆ ಬೇರೆ. ಮರುದಿನವೇ ಸ್ನಾನ ಮಾಡಿ, ಮಡಿ ಧೋತ್ರ ಉಟ್ಟು, ಹಿತ್ತಲ ಕಡೆ ಮಣೆ ಹಾಕಿ ಕೂತೆ. ಗಂಭೀರವಾಗಿ ಪುಸ್ತಕಕ್ಕೆ ಕೈ ಚಾಚಿದೆ.

"ಮುಟ್ಟಬ್ಯಾಡೋ," ಎಂದು ಅವ್ವ ಒಳಗಿಂದ ಕೂಗಿದಳು. "ತೊಗಲಿನ ರಟ್ಟದ. ಮಡಿ ಹೋಗ್ತದ."

ಪುಸ್ತಕ ಪಕ್ಕದ ಮನೆಯ ಮುನ್ಷಿ ಸಾಹೇಬರದು. ರಟ್ಟು ಅಪ್ಪಟ ಚರ್ಮದ್ದು. ಮಡಿ ಇದ್ದರೆ ಪುಸ್ತಕವಿಲ್ಲ, ಪುಸ್ತಕವಿದ್ದರೆ ಮಡಿಯಿಲ್ಲ. ನಾನು ಪೆಚ್ಚಾಗಿ ಕೂತಿರುವಾಗ ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳಿಗೆ ಸೊಂಟ ಹಿಡಿದು ಎರಡು ದಿನವಾಗಿತ್ತು. ಉಪ್ಪಿನಕಾಯಿಗೆ ತಂದ ಮಾವಿನಕಾಯಿ ಬುಟ್ಟಿಯಲ್ಲೇ ಇತ್ತು.

"ಮಡಿಯಾಗ ಸುಮ್ನ ಯಾಕ ಕುಂತೀ? ಎರಡು ಕೊಡ ನೀರು ಸೇದು."

ಎರಡು ಕೊಡ ಹತ್ತಾಯಿತು. ಆಮೇಲೆ ಮಾವಿನಕಾಯಿ ಹೆಚ್ಚಿದೆ, ಮೆಂತ್ಯ ಹುರಿದೆ, ಸಾಸಿವೆ ಕುಟ್ಟಿದೆ. ಮೂರನೆಯ ದಿನ ಎದುರು ಮನೆಯ ಅಜ್ಜಿ ನನ್ನ ನಿಷ್ಠೆಯನ್ನು ಹೊಗಳಿ ತನ್ನ ಬುಟ್ಟಿಯನ್ನೂ ಕಳಿಸಿದಳು. ಪರೀಕ್ಷೆ ನನ್ನದು, ಪಾಸಾಗುತ್ತಿದ್ದದ್ದು ಉಪ್ಪಿನಕಾಯಿ!

ಕೊನೆಗೆ ಹಿತ್ತಲ ಗೋಡೆಯ ಆಚೆಗಿದ್ದ ಮುನ್ಷಿ ಸಾಹೇಬರ ಮುಂದೆ ಗೋಳು ತೋಡಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ರುಕ್ಮಿಣಿಯ ಕೈಯಿಂದ ಪುಸ್ತಕ ವಾಪಸು ತರಿಸಿಕೊಂಡರು.

"ಮಾಸ್ತರ್ ಸಾಬ್, ನಾ ಓದ್ತೀನಿ, ನೀವು ಕೇಳ್ರಿ. ಈಗ ಏನ್ ಮಾಡಾಕತ್ತೀರಿ, ಅದನ್ನ ಉರ್ದೂದಾಗ ಹೇಳ್ರಿ."

ಅಂದಿನಿಂದ ನೀರು ಸೇದಿದ್ದು ಉರ್ದುವಿನಲ್ಲಿ, ಉಪ್ಪು ಬೆರೆಸಿದ್ದು ಉರ್ದುವಿನಲ್ಲಿ. ಮೊರದಲ್ಲಿ ಹರಡಿದ ಉಪ್ಪಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿದ್ದೆ. ಸಾಹೇಬರು ಗೋಡೆಯ ಮೇಲಿಂದ ಬಗ್ಗಿ ತಪ್ಪು ಹೇಳುತ್ತಿದ್ದರು. ಬಸ್ಸಿನ ಹಾರ್ನು ಬಂದರೂ ಏಳುವಂತಿರಲಿಲ್ಲ, ಮೊಣಕೈವರೆಗೆ ಖಾರ. ಒಂದು ತಿಂಗಳು ಮಾನ್ವಿಯಲ್ಲಿ ಯಾರು ಇಳಿದರೋ ನನಗೆ ಗೊತ್ತಿಲ್ಲ.

ಪರೀಕ್ಷೆ ರಾಯಚೂರಿನಲ್ಲಿ. ಬರವಣಿಗೆ ದಾಟಿತು. ಬಾಯಿ ಪರೀಕ್ಷೆಯಲ್ಲಿ ಪದ್ಯವೊಂದರ ಅರ್ಥ ಕೇಳಿದರು. ಉಪ್ಪಿನಕಾಯಿಯಲ್ಲಿ ಪದ್ಯ ಎಲ್ಲಿಂದ ಬರಬೇಕು? ಕಣ್ಣ ಮುಂದೆ ದೇವದುರ್ಗ ಕಂಡಿತು. ಪರೀಕ್ಷಕರು ಕನಿಕರಪಟ್ಟು, ಹೋಗಲಿ, ರಜೆಯಲ್ಲಿ ಏನು ಮಾಡಿದಿರಿ ಅದನ್ನಾದರೂ ಹೇಳಿ ಎಂದರು.

ಹೇಳಿದೆ! ಬಾವಿಯಿಂದ ಹೊರಟವನು ಭರಣಿಯ ಬಾಯಿಗೆ ಬಟ್ಟೆ ಕಟ್ಟುವವರೆಗೆ ನಿಲ್ಲಲಿಲ್ಲ. ನಡುವೆ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: ಮೆಂತ್ಯ ಎಷ್ಟು? ಉತ್ತರವನ್ನು ಬೇರೆ ಕಾಗದದಲ್ಲಿ ಬರೆದುಕೊಂಡು ಜೇಬಿಗಿಟ್ಟರು. ಅಲ್ಲೇ ನನ್ನನ್ನು ಪಾಸು ಮಾಡಿದರು.

ಎದೆಯುಬ್ಬಿಸಿ ಮಾನ್ವಿಯಲ್ಲಿ ಬಸ್ಸಿಳಿದೆ. ಯಾರು ಇಳಿದರೆಂದು ನೋಡುವವನು ಊರಿಗೆಲ್ಲ ನಾನೊಬ್ಬನೇ ಇದ್ದೆನೆಂದು ತಿಳಿದದ್ದು ಆಗಲೇ. ಕಟ್ಟೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಸುದ್ದಿ ಕೇಳಿ ರುಕ್ಮಿಣಿ ಕಣ್ಣೊರೆಸಿಕೊಂಡಳು. "ನೀವು ಕುಂತ್ರ ಮಾಡ್ತೀರಿ ಅಂತ ನನಗ ಗೊತ್ತಿತ್ರಿ," ಎಂದಳು. ಅಷ್ಟರಲ್ಲಿ ಅವ್ವ ಕೇಳಿದಳು:

"ಹಂಗಾದ್ರ ಇನ್ನ ಓದೋದು ಇಲ್ಲಲ್ಲ?"

"ಇಲ್ಲವ್ವಾ, ಮುಗೀತು."

"ಚಲೋ ಆತು. ಹಪ್ಪಳದ ಹಿಟ್ಟು ಹದಕ್ಕ ಬಂದದ. ಧೋತ್ರ ಒಣಗ್ಯದ, ಉಟ್ಕೊಂಡು ಬಾ."

ಸರ್ಕಾರ ನನ್ನನ್ನು ಶಾಲೆಯಲ್ಲಿ ಕಾಯಂ ಮಾಡಿತು. ಅವ್ವ ಅಡುಗೆಮನೆಯಲ್ಲಿ.