ಮಾತಾಡುವ ಕಾರು ಮತ್ತು ನನ್ನ ಜಪಾನಿ

ಗ್ಯಾರೇಜು ಇಟ್ಟುಕೊಂಡವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೆಟ್ಟ ಗಾಡಿಗಳ ಜೊತೆಗೆ ಅವೂ ತಳ್ಳಿಸಿಕೊಂಡು ಬಾಗಿಲಿಗೆ ಬರುತ್ತವೆ. ಬೆಟಗೇರಿಯಲ್ಲಿ ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡೇ ನನ್ನ ಗ್ಯಾರೇಜು. ನನ್ನ ತಂದೆ, ನಮ್ಮ ಅಬ್ಬಾ, ಟಾಂಗಾದ ಗಾಲಿ ಕಟ್ಟುತ್ತಿದ್ದರು. ನಾನು ಎಪ್ಪತ್ತರ ದಶಕದಲ್ಲಿ ಲಾರಿ, ಜೀಪು ಬಿಚ್ಚಿ ಕೂಡಿಸುವುದನ್ನು ಕಲಿತೆ. ಎಂಬತ್ತರ ದಶಕ ಶುರುವಾದ ಮೇಲೆ ಜಪಾನಿ ಭಾಷೆ ಕಲಿಯುವ ಪಾಳಿ ಬಂತು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮಿಸ್ತ್ರಿಗೆ ಜಪಾನಿ ಯಾಕೆ ಬೇಕಾಯಿತು ಎಂದು ಈಗಲೂ ಕೇಳುತ್ತಾರೆ. ಹೇಳುತ್ತೇನೆ. ಇದರಲ್ಲಿ ಬರುವ ಎಲ್ಲರ ಉಪಕಾರ ನನ್ನ ಮೇಲಿದೆ, ಅದನ್ನು ಮೊದಲೇ ಹೇಳಿಬಿಡುವುದು ಚಲೋ. ಆಮೇಲೆ ನಗುವಾಗ ಮರೆತುಹೋಗಬಾರದು.

೧. ಕಾರಿನೊಳಗಿನ ಹೆಂಗಸು

ಲಕ್ಷ್ಮೇಶ್ವರದವರೊಬ್ಬರು ಸರಕಿನ ಹಡಗಿನಲ್ಲಿ ಇಂಜಿನಿಯರ್ ಆಗಿದ್ದರು. ಸಮುದ್ರ ಸಾಕಾಗಿ ಊರಿಗೆ ಮರಳುವಾಗ ಜಪಾನಿನಿಂದ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದರು. ಎರಡೇ ಬಾಗಿಲು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಒಳಗೆ ಕೂತವರಿಗೆ ದಾರಿಯಲ್ಲಿ ಹೋಗುವವರ ಮೊಣಕಾಲು ಮಾತ್ರ ಕಾಣುತ್ತಿದ್ದವು. ಲೈಟುಗಳು ಮೂತಿಯೊಳಗೆ ಅಡಗಿದ್ದು, ಗುಂಡಿ ಒತ್ತಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೇಳುತ್ತಿದ್ದವು.

ಬಂದು ವಾರವಾಗಿರಲಿಲ್ಲ, ಸಾಹೇಬರು ಗ್ಯಾರೇಜಿಗೆ ಬಂದರು. ಮುಖ ಬಾಡಿತ್ತು.

"ಮಿಸ್ತ್ರಿ, ಇದರಾಗ ಒಬ್ಬಾಕಿ ಅದಾಳ," ಎಂದರು.

ನಾನು ಬಗ್ಗಿ ಹಿಂದಿನ ಸೀಟು ನೋಡಿದೆ. ಯಾರೂ ಇರಲಿಲ್ಲ. ಸಾಹೇಬರು ಬಾಗಿಲು ತೆರೆದಿಟ್ಟೇ ಕೀಲಿ ತಿರುವಿದರು. ಸ್ಟೇರಿಂಗಿನ ಹಿಂದಿನಿಂದ ಒಂದು ಹೆಣ್ಣುದನಿ, ಬಹಳ ಮೃದುವಾಗಿ, ಏನೋ ಹೇಳಿತು.

"ಏನಂತಾಳ್ರಿ?"

"ಗೊತ್ತಿದ್ರ ನಿನ್ನ ಕಡೆ ಯಾಕ ಬರ್ತಿದ್ದೆ? ನನಗ ಜಪಾನಿ ಬರೂದಿಲ್ಲ. ಬಂದರದಾಗ ಕೈಸನ್ನಿಲೇ ನಡೀತಿತ್ತು. ಈಕಿ ಏನಂತಾಳ ಅನ್ನೂದು ಗೊತ್ತಾಗೂ ತನಕ ಕಾರ್ ಹತ್ತೂದಿಲ್ಲ ಅಂತ ನನ್ನ ಹೆಂಡತಿ ಕುಂತುಬಿಟ್ಟಾಳ."

"ವಾಯರ್ ಕಿತ್ತು ಒಗದುಬಿಡ್ಲೇನ್ರಿ?"

"ಬ್ಯಾಡ ಮಾರಾಯಾ. ಕಿತ್ತರ, ಆಕಿ ಬಾಯಿ ಯಾಕ ಮುಚ್ಚಿಸಿದ್ರಿ ಅಂತ ಕೇಳ್ತಾಳ."

ಅವರು ವರ್ಷಕ್ಕೆ ಎಂಟೆಂಟು ತಿಂಗಳು ಹಡಗಿನಲ್ಲಿ ಕಳೆದವರು. ಮನೆಯಾಕೆಗೆ ಸಂಶಯ ಬಂದದ್ದು ತಪ್ಪಲ್ಲ. ಕಾರಿನ ಜೊತೆ ಇಟ್ಟಿಗೆಯಷ್ಟು ದಪ್ಪ ಪುಸ್ತಕವೊಂದಿತ್ತು, ಪೂರಾ ಜಪಾನಿ. ಅಷ್ಟರಲ್ಲಿ ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರ್ ಒಬ್ಬ, ಶಿರಹಟ್ಟಿಯಲ್ಲಿ ರಿಟೈರ್ಡ್ ಹವಾಲ್ದಾರ ಒಬ್ಬರಿದ್ದಾರೆ, ಮಹಾಯುದ್ಧದಲ್ಲಿ ಜಪಾನಿನವರ ಕೈಗೆ ಸೆರೆ ಸಿಕ್ಕಿದ್ದರು, ಅವರಿಗೆ ಈ ಭಾಷೆ ಬರುತ್ತದೆ ಎಂದ. ಕಾರು ತಗೊಂಡು ಅಲ್ಲಿಗೇ ಹೋದೆವು.

ಹವಾಲ್ದಾರ ಕಾಕಾ ಅರವತ್ತು ದಾಟಿದ ನೆಟ್ಟನೆಯ ಆಳು. ಕಾರಿನೊಳಗೆ ತಲೆ ಹಾಕಿ, ಬಾಗಿಲನ್ನು ಮೂರು ಸಲ ತೆಗೆಸಿ, ಹಾಕಿಸಿ, ಕಣ್ಣು ಮುಚ್ಚಿ ಕೇಳಿದರು.

"ಪಾಪ, ಮರ್ಯಾದಸ್ತ ಹೆಣ್ಮಗಳು. ಬಾಗಿಲಾ ತೆರದೈತಿ ಅನ್ನಾಕತ್ತಾಳ. ಬ್ಯಾರೆ ಏನೂ ಇಲ್ಲ."

ಈ ಖಬರ ಹೊತ್ತು ಲಕ್ಷ್ಮೇಶ್ವರಕ್ಕೆ ಹೋದೆವು. ಸಾಹೇಬರ ಮನೆಯಾಕೆ ತಾವೇ ಬಂದು ಬಾಗಿಲು ತೆಗೆದರು, ದನಿ ಬಂತು. ಹಾಕಿದರು, ನಿಂತಿತು. ಆಮೇಲೆ ಗಂಡನ ಕಡೆ ತಿರುಗಿದರು.

"ಇಷ್ಟಽ ಏನು? ಕಪಾಟಿನ ಬಾಗಿಲಾ ಹಾಕ್ರಿ, ಹಿತ್ತಲ ಬಾಗಿಲಾ ಹಾಕ್ರಿ ಅಂತ ಹದಿನೈದು ವರ್ಷ ನಾ ಕನ್ನಡದಾಗ ಹೇಳೇನಿ. ನಿಮಗ ತಿಳಿಸಾಕ ಜಪಾನಿಂದ ಒಬ್ಬಾಕಿ ಬರಬೇಕಾತು ನೋಡ್ರಿ."

೨. ಬೇವಿನಗಿಡದ ಕೆಳಗಿನ ಶಾಲೆ

ಆ ಪುಸ್ತಕ ನನ್ನ ತಲೆಯಿಂದ ಹೋಗಲಿಲ್ಲ. ಚಿತ್ರ ನೋಡಿ ನಟ್ಟು ಬಿಚ್ಚಬಹುದು, ಆದರೆ ಎಷ್ಟು ಬಿಗಿ ಮಾಡಬೇಕು, ಯಾವ ಎಣ್ಣೆ ಎಷ್ಟು ಹಾಕಬೇಕು ಎನ್ನುವುದು ಅಕ್ಷರದಲ್ಲೇ ಇರುತ್ತದೆ. ಗದಗಿನಲ್ಲಿ ಇಂಥ ಕಾರು ಇನ್ನೊಂದಿಲ್ಲ, ಕೆಡಿಸಿದರೆ ಸ್ಪೇರ್ ಪಾರ್ಟ್ ಸಿಗುವುದಿಲ್ಲ. ಸಾಹೇಬರು ನನ್ನನ್ನು ನಂಬಿ ಕೀಲಿ, ಪುಸ್ತಕ ಎರಡೂ ಕೊಟ್ಟಿದ್ದರು. ಶುಕ್ರವಾರ ಗ್ಯಾರೇಜಿಗೆ ಸೂಟಿ, ಆದ್ದರಿಂದ ನಮಾಜು ಮುಗಿಸಿ ಶಿರಹಟ್ಟಿಯ ಬಸ್ಸು ಹತ್ತತೊಡಗಿದೆ.

ಕಾಕಾನ ಮನೆಯ ಮುಂದಿನ ಬೇವಿನಗಿಡದ ಕೆಳಗೆ ಪಾಠ. ಕುಂಡ್ರುವಂತಿಲ್ಲ, ಅವರು ನಿಂತೇ ಕಲಿತಿದ್ದರು, ನಾನೂ ನಿಂತೇ ಕಲಿಯಬೇಕು. ಅವರಿಗೆ ಬರುತ್ತಿದ್ದದ್ದು ಕ್ಯಾಂಪಿನ ಜಪಾನಿ. ನೆಟ್ಟಗೆ ನಿಲ್ಲು, ಸಲಾಮು ಹೊಡಿ, ಜಲ್ದಿ ನಡಿ, ಎಣಿಸು. ಗೋದಾಮಿನ ಚೀಲಗಳ ಮೇಲಿನಿಂದ ಒಂದು ತರಹದ ಸರಳ ಅಕ್ಷರವನ್ನೂ ಕಲಿತಿದ್ದರು. ಕಡ್ಡಿ ಜೋಡಿಸಿದಂಥ ಅಕ್ಷರ. ಅದೃಷ್ಟಕ್ಕೆ ಪುಸ್ತಕದಲ್ಲಿ ಗಾಡಿಯ ಭಾಗಗಳ ಹೆಸರೆಲ್ಲ ಅದರಲ್ಲೇ ಇದ್ದವು. ಎರಡು ತಿಂಗಳಾದ ಮೇಲೆ ಮೊದಲ ಶಬ್ದ ಕೂಡಿಸಿ ಓದಿದೆ. ಬು, ರೇ, ಕಿ.

"ಬುರೇಕಿ ಅಂದ್ರ ಏನ್ರಿ ಕಾಕಾ?"

ಕಾಕಾ ಪುಸ್ತಕದ ಚಿತ್ರ ನೋಡಿದರು, ನನ್ನನ್ನು ನೋಡಿದರು. "ಬಿರೇಕಲೇ ಅದು."

ಮುಂದೆ ಓದಿದರೆ ಎಂಜಿನ್, ಟಾಯಿಯಾ, ಓಯಿರು. ಹುಟ್ಟಿನಿಂದ ನಾನು ಬಿರೇಕು, ಟಾಯರು, ಆಯಿಲು ಎನ್ನುತ್ತ ಬಂದವನು. ಅರ್ಧ ಜಪಾನಿ ನನಗೆ ಮೊದಲೇ ಬರುತ್ತಿತ್ತು, ಯಾರೂ ಹೇಳಿರಲಿಲ್ಲ ಅಷ್ಟೇ.

ಒಂದು ಶುಕ್ರವಾರ ಕೇಳಿದೆ, "ಕಾಕಾ, ಅಲ್ಲಿ ಬರೇ ಹುಕುಮು, ಬೈಗಳನಽ ಕೇಳಿದ್ರೇನು? ಒಂದೂ ಒಳ್ಳೇ ಮಾತಿಲ್ಲ?"

ಕಾಕಾ ಬೇವಿನಗಿಡಕ್ಕೆ ಒರಗಿದರು. "ಒಂದ್ ಐತಿ. ನನಗ ಜ್ವರ ಬಂದು ಮಲಗಿದ್ದೆ. ಅಡಗಿ ಮಾಡಾಂವ ಒಬ್ಬ ಜಪಾನಿನಾಂವ ಯಾರೂ ನೋಡದಂಗ ಗಂಜಿ ತಂದು ಕುಡಿಸಿದಾ. ಏನನ್ನಬೇಕಂತ ತಿಳೀದ ಅವನ ಮಾರಿ ನೋಡಿದೆ. ಅವನಽ ಹೇಳಿಕೊಟ್ಟಾ, 'ಅರಿಗತೋ' ಅನ್ನು ಅಂತ. ಉಪಕಾರ ಆತು ಅಂದಂಗ. ಉಳದಿದ್ದೆಲ್ಲಾ ಬಡದು ಕಲಿಸಿದ್ರು. ಇದೊಂದು ಶಬ್ದ ಹಂಗ ಬಂತು."

"ಅರಿಗತೋ, ಕಾಕಾ," ಎಂದೆ.

ಕಾಕಾ ಕಣ್ಣೊರೆಸಿಕೊಂಡರು. "ಹೊಟ್ಟಿ ಒಳಗ ಎಳಕೊಂಡು, ನೆಟ್ಟಗ ನಿಂತು ಹೇಳು," ಎಂದರು.

೩. ಮಂತ್ರದ ಮಿಸ್ತ್ರಿ

ಕಲಿತದ್ದು ಮರೆಯಬಾರದೆಂದು ಕೆಲಸ ಮಾಡುವಾಗ ಬಾಯಿಪಾಠ ಹೇಳುತ್ತಿದ್ದೆ. ಬೋಲ್ಟು ಬಿಗಿಯುವಾಗ ಒಂದೊಂದು ಸುತ್ತಿಗೂ ಜಪಾನಿ ಎಣಿಕೆ, "ಇಚಿ, ನಿ, ಸಾನ್, ಶಿ, ಗೋ, ರೊಕು." ಮಲ್ಲಸಮುದ್ರದ ಲಾರಿ ಡ್ರೈವರ್ ಒಬ್ಬ ಇದನ್ನು ಕೇಳಿ, ಮಿಸ್ತ್ರಿ ಮಂತ್ರ ಹಾಕುತ್ತಾನೆ, ಅದಕ್ಕೇ ಅವನು ಮುಟ್ಟಿದ ಗಾಡಿ ಮತ್ತೆ ಕೆಡುವುದಿಲ್ಲ ಎಂದು ಹಬ್ಬಿಸಿದ.

ಒಮ್ಮೆ ನನಗೆ ಗಂಟಲು ಕೆಟ್ಟು ದನಿ ಹೊರಡುತ್ತಿರಲಿಲ್ಲ. ಅವನ ಲಾರಿಯ ಕೆಲಸ ಸುಮ್ಮನೇ ಮುಗಿಸಿ ಕೀಲಿ ಕೊಟ್ಟೆ. ಅವನು ತಗೊಳ್ಳಲಿಲ್ಲ.

"ಮಂತ್ರ ಹೇಳಲಿಲ್ಲಲ್ಲರಿ."

"ಗಂಟಲಾ ಬಿದ್ದೈತಿ," ಎಂದು ಸನ್ನೆ ಮಾಡಿದೆ.

ಅವನು ಲಾರಿಯ ಕೆಳಗೆ ಚಾಪೆ ಹಾಸಿದ. "ಅವಸರ ಇಲ್ಲರಿ. ಗಂಟಲಾ ಆರಾಮ ಆಗಲಿ. ನಾ ಇಲ್ಲೇ ಇರ್ತೀನಿ."

ಎರಡು ದಿನ ಇದ್ದ. ಮೂರನೇ ದಿನ ಆರರವರೆಗೆ ಹೇಳಿ ಕಳಿಸಿದೆ. ಹೋಗುವಾಗ, ಹಿಂದಿನ ಗಾಲಿಗೆ ಇನ್ನೊಮ್ಮೆ ಹೇಳಿಸಿಕೊಂಡು ಹೋದ.

೪. ಏನೋ ಕಡಿಮೆಯಾಗಿದೆ

ಸಾಹೇಬರಿಗೆ ಕಾಕಾನ ಮೇಲೆ ಪ್ರೀತಿ ಬೆಳೆಯಿತು. ಒಂದು ಭಾನುವಾರ ಮೂವರೂ ಸಿಂಗಟಾಲೂರಿಗೆ, ಹೊಳೆ ನೋಡಲು ಹೊರಟೆವು. ಹಿಂದಿನ ಸೀಟು ಹೆಸರಿಗೆ ಮಾತ್ರ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾನು ಅಲ್ಲಿ. ಮುಂಡರಗಿ ದಾಟಿ ಸ್ವಲ್ಪ ದೂರಕ್ಕೆ ಕಾರಿನಾಕೆ ಹೊಸ ಮಾತೊಂದು ಆಡಿದಳು. ಇದುವರೆಗೆ ಕೇಳಿರಲಿಲ್ಲ. ಸಾಹೇಬರು ಗಾಡಿ ನಿಲ್ಲಿಸಿದರು.

ಕಾಕಾ ಕಿವಿಗೊಟ್ಟರು. "ಸುಕುನಾಕು ಅಂತಾಳ. ಅಂದ್ರ ಕಡಿಮಿ. ಏನೋ ಕಡಿಮಿ ಆಗೇತಿ."

"ಏನು ಕಡಿಮಿ?"

"ನೆನ್‌ರ್ಯೋ ಅಂತಾಳ. ಅದು ನಮ್ಮ ಕ್ಯಾಂಪಿನ್ಯಾಗ ಇರಲಿಲ್ಲ. ಅಲ್ಲಿ ಅನ್ನ ಕಡಿಮಿ ಇತ್ತು, ನೀರು ಕಡಿಮಿ ಇತ್ತು."

ಇಳಿದು ಎಂಜಿನ್ ಎಣ್ಣೆ ನೋಡಿದೆ, ಸರಿಯಿತ್ತು. ನೀರು ನೋಡಿದೆ, ಬಿರೇಕಿನ ಎಣ್ಣೆ ನೋಡಿದೆ, ನಾಲ್ಕೂ ಗಾಲಿಯ ಗಾಳಿ ನೋಡಿದೆ. ಎಲ್ಲ ಸರಿ. ಎಂಜಿನ್ ನಿಲ್ಲಿಸಿದರೆ ಮಾತು ನಿಲ್ಲುತ್ತದೆ ಎಂದು ಅದನ್ನು ಚಾಲೂ ಇಟ್ಟೇ, ಪುಸ್ತಕ ಬಿಚ್ಚಿ, ಬಿಸಿಲಲ್ಲಿ ಮೂವರೂ ತಲೆ ಕೂಡಿಸಿ ಹುಡುಕಿದೆವು. ಒಂದು ತಾಸು ಹುಡುಕಿದೆವು. ಆಗ ಎಂಜಿನ್ ಎರಡು ಸಲ ಕೆಮ್ಮಿ ತಾನೇ ನಿಂತಿತು.

ಸಾಹೇಬರು ನಿಧಾನಕ್ಕೆ, "ಮಿಸ್ತ್ರಿ, ನೆನ್‌ರ್ಯೋ ಅಂದ್ರ ಪೆಟ್ರೋಲು," ಎಂದರು.

ಹೊಲದಿಂದ ಬರುತ್ತಿದ್ದ ರೈತರೊಬ್ಬರು ಏನೂ ಕೇಳದೆ ಎತ್ತು ಹೂಡಿ, ಹಗ್ಗ ಕಟ್ಟಿ, ಮುಂಡರಗಿಯವರೆಗೆ ಎಳೆದು ತಂದರು. ಚಹಾ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೋಗುವಾಗ ಕಾರಿನ ಸುತ್ತ ಒಮ್ಮೆ ತಿರುಗಿ, "ಎಂಥಾ ಚಲೋ ಗಾಡಿ ಮಾಡ್ಯಾರ್ರಿ. ನಮ್ಮ ಎತ್ತಿಗೆ ಭಾರನಽ ಅನಸಲಿಲ್ಲ," ಎಂದರು.

೫. ಡಂಬಳದಿಂದ ಬಂದ ಅತಿಥಿ

ಒಂದು ಮಧ್ಯಾಹ್ನ ಬಾಡಿಗೆ ಟ್ಯಾಕ್ಸಿಯೊಂದನ್ನು ಲಾರಿಗೆ ಕಟ್ಟಿ ಎಳೆದು ತಂದರು. ಒಳಗಿನಿಂದ ಸಣ್ಣಗಿನ, ಕನ್ನಡಕದ ಜಪಾನಿ ಗೃಹಸ್ಥರೊಬ್ಬರು ಇಳಿದರು. ಅವರು ಪ್ರೊಫೆಸರ್ ಎಂದು ಡ್ರೈವರ್ ಹೇಳಿದ. ಡಂಬಳದ ಹಳೇ ಕಲ್ಲುಬರಹ ನೋಡಲು ಬಂದವರು, ಮರಳುವಾಗ ಫ್ಯಾನ್ ಬೆಲ್ಟು ಹರಿದು ಎಂಜಿನ್ ಕಾದು ನಿಂತಿತ್ತಂತೆ.

ಇಷ್ಟು ವರ್ಷ ಕಲಿತದ್ದಕ್ಕೆ ಇಂದು ಸಾರ್ಥಕವೆಂದು ಕೈ ಒರೆಸಿಕೊಂಡು ಮುಂದೆ ಹೋದೆ. 'ಬರ್ರಿ, ಕುಂಡ್ರಿ' ಎನ್ನುವುದಕ್ಕೆ ಜಪಾನಿ ನನಗೆ ಯಾರೂ ಕಲಿಸಿರಲಿಲ್ಲ. ಬಾಯಿಗೆ ಬಂದದ್ದು ಕ್ಯಾಂಪಿನ ಮೊದಲ ಹುಕುಮು ಒಂದೇ. "ಕಿಯೋತ್ಸುಕೆ," ಎಂದೆ, ಕಾಕಾನ ದನಿಯಲ್ಲೇ.

ಪ್ರೊಫೆಸರು ಚೀಲ ಕೆಳಗೆ ಬಿಟ್ಟು ನೆಟ್ಟಗೆ ನಿಂತುಬಿಟ್ಟರು. ನಾನೂ ನಿಂತೆ. ಇಬ್ಬರೂ ಹಾಗೇ ನಿಂತಿದ್ದೆವು. ಮುಂದಿನ ಹುಕುಮು ಕೊಡುವವರು ಯಾರೂ ಇರಲಿಲ್ಲ. ಕೊನೆಗೆ ಅವರಿಗೇ ನಗು ಬಂತು. ಬಗ್ಗಿ ನಮಸ್ಕರಿಸಿ, ನಿಧಾನವಾಗಿ ಕನ್ನಡದಲ್ಲಿ ಮಾತಾಡಿದರು.

"ಎಮ್ಮ ರಥಂ ಕೆಟ್ಟುದು. ಇದಂ ಸರಿಗೆಯ್ದವಂಗೆ ಪುಣ್ಯಮಕ್ಕುಂ, ಕೆಡಿಸಿದವಂಗೆ ಪಾಪಮಕ್ಕುಂ."

ಟ್ಯಾಕ್ಸಿ ಡ್ರೈವರ್ ಗಾಬರಿಯಾದ. "ನಾ ಕೆಡಿಸಿಲ್ಲರಿ, ಬೆಲ್ಟ್ ತಾನಽ ಹರೀತ್ರಿ."

ಅವರು ಕನ್ನಡ ಕಲಿತದ್ದು ಪೂರಾ ಕಲ್ಲುಗಳಿಂದ. ನಾನು ಜಪಾನಿ ಕಲಿತದ್ದು ಕ್ಯಾಂಪಿನಿಂದ. ಅವರ ಕನ್ನಡ ನನಗೆ ತಿಳಿಯದು, ನನ್ನ ಜಪಾನಿಗೆ ಅವರು ಮತ್ತೆ ಮತ್ತೆ ನೆಟ್ಟಗಾಗುವರು. ಬೆಲ್ಟ್ ಗದಗಿನಿಂದ ಬರಬೇಕಿತ್ತು. ಅರ್ಧ ತಾಸು ಒದ್ದಾಡಿ ಇಬ್ಬರೂ ಸೋತು ಕೂತೆವು.

ಆಗ ನಮ್ಮ ಅಮ್ಮಿ ಮನೆಯೊಳಗಿಂದ ತಾಟು ಹಿಡಿದು ಬಂದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾಚಟ್ನಿ. ಆಕೆಗೆ ಮನೆಯ ಉರ್ದು ಸಲೀಸು. ಹಸಿವಾಗಿದೆಯೇ ಎಂದು ಅತಿಥಿಯನ್ನು ಅದರಲ್ಲೇ ಕೇಳಿದಳು, "ಭೂಕ್ ಹೈ ಬೇಟಾ?"

ಉರ್ದುವಿನಲ್ಲಿ 'ಹೈ' ಎಂದರೆ 'ಇದೆ', ಜಪಾನಿಯಲ್ಲಿ 'ಹೌದು'. ದೊಡ್ಡವರು ಏನೇ ಹೇಳಲಿ, ಕೇಳುತ್ತಿದ್ದೇನೆ ಎಂದು ತೋರಿಸಲೂ ಅವರು ಅದನ್ನೇ ಅನ್ನುತ್ತಾರೆ. ಪ್ರೊಫೆಸರು ತಲೆ ಬಾಗಿಸಿ, "ಹೈ," ಎಂದರು.

"ರೊಟ್ಟಿ ಅಚ್ಛೀ ಹೈ?"

"ಹೈ."

"ಘರ್ ಮೇ ಮಾ ಹೈ?"

"ಹೈ, ಹೈ."

"ಔರ್ ಏಕ್ ಡಾಲೂಂ?"

"ಹೈ."

ಹೀಗೆ ಇನ್ನೊಂದು, ಇನ್ನೊಂದು ಹಾಕಿಸಿಕೊಂಡು ಆರು ರೊಟ್ಟಿ ಆದವು. ಪ್ರತಿ ರೊಟ್ಟಿಗೂ ಅವರ ಕನ್ನಡಕದ ಹಿಂದಿನ ಕಣ್ಣು ದೊಡ್ಡದಾಗುತ್ತಿದ್ದರೂ ಬಾಯಿಂದ ಬರುತ್ತಿದ್ದದ್ದು 'ಹೈ' ಒಂದೇ. ಅಮ್ಮಿ ಪಕ್ಕದಲ್ಲೇ ಕೂತು, ತನ್ನ ಮಂಡಿನೋವು, ನನ್ನ ಮದುವೆಯಲ್ಲಿ ಬಂದ ಮಳೆ, ಎಲ್ಲ ಹೇಳಿದಳು. ಅವರು ಒಂದನ್ನೂ ಬಿಡದೆ ಕೇಳಿದರು. ನನ್ನ ಅಮ್ಮಿಯ ಮಾತನ್ನು ಅಷ್ಟು ಲಕ್ಷ್ಯಗೊಟ್ಟು ಯಾರೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ಗಾಡಿ ಸರಿಯಾಗಿ ಹೊರಡುವಾಗ ಅವರು ಆಕೆಯ ಮುಂದೆ ಸೊಂಟದವರೆಗೆ ಬಗ್ಗಿದರು. ಆಕೆ ತಲೆ ಸವರಿದಳು.

ಟ್ಯಾಕ್ಸಿ ಮರೆಯಾದ ಮೇಲೆ ಅಮ್ಮಿ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಇದಕ್ಕ ಇಷ್ಟು ವರ್ಷ ಪುಸ್ತಕ ಹಿಡಕೊಂಡು ತಲಿ ಕೆಡಿಸಿಕೊಂಡಿಯೇನಪಾ? ಆ ಜಪಾನಿ ಅನ್ನೂದು ಪೂರಾ ನಮ್ಮ ಉರ್ದುನಽ ಐತಿ."